ಸರ್ಟಿಫಿಕೇಟಿನಾಕಿ

ಈ ಬರಹದಲ್ಲಿ ನನ್ನ ಹೆಸರು ಬರೆಯುವುದಿಲ್ಲ. ಸಂಕೋಚಕ್ಕಲ್ಲ. ನನಗೆ ಎರಡು ಹೆಸರುಗಳಿವೆ. ಒಂದನ್ನು ಬರೆದರೆ ಇನ್ನೊಂದಕ್ಕೆ ಸಾಕ್ಷಿ ತನ್ನಿ ಅನ್ನುವವರು ಇಂದಿಗೂ ಇದ್ದಾರೆ. ಆ ಸಾಕ್ಷಿ ಹುಡುಕುವುದರಲ್ಲೇ ನನ್ನ ಪ್ರಾಯದ ಒಂದು ವರ್ಷ ಹೋಯಿತು. ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.

ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಆಗ ಅದು ಸಂಸ್ಥಾನದ ಊರು, ಗದಗ ಇಂಗ್ಲಿಷರದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ನಮ್ಮೂರಿನಿಂದ ಕೂತ ಹುಡುಗಿಯರು ಇಬ್ಬರೇ, ನಾನು ಮತ್ತು ನನ್ನ ಗೆಳತಿ. ಇಬ್ಬರೂ ಪಾಸಾದೆವು. ಮುಲ್ಕಿ ಪಾಸಾದವರು ಕನ್ನಡ ಶಾಲೆಯಲ್ಲಿ ಕಲಿಸಬಹುದಾಗಿದ್ದ ಕಾಲ ಅದು. ಸಂಸ್ಥಾನದ ಮುದ್ರೆಯಿದ್ದ ಸರ್ಟಿಫಿಕೇಟನ್ನು ಅಪ್ಪ ಬಂದುಹೋದವರಿಗೆಲ್ಲ ತೋರಿಸಿದ. ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರು, ನಮ್ಮ ಅಡ್ಡಹೆಸರು, ಮೂರೂ ಸಾಲಾಗಿ ಇದ್ದವು.

ಸ್ವಾತಂತ್ರ್ಯ ಬಂತು, ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು, ಅದಾದ ಮರುವರ್ಷ ನನ್ನನ್ನು ಬೆಟಗೇರಿಗೆ ಕೊಟ್ಟರು. ಮದುವೆಯ ದಿನ ನಮ್ಮ ಕಡೆಯ ಪದ್ಧತಿಯಂತೆ ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ನನ್ನ ಹೊಸ ಹೆಸರು ಬರೆದರು. ಅದು ನನ್ನ ಅತ್ತೆಯವರು ಆರಿಸಿದ್ದು, ತೀರಿಕೊಂಡ ಅವರ ಅತ್ತೆಯ ಹೆಸರು. ಅಲ್ಲೇ ಇತ್ತು ತಮಾಷೆ. ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ; ಹಾಗಾಗಿ ತಾವೇ ಇಟ್ಟ ಹೆಸರಿನಿಂದ ಅತ್ತೆ ನನ್ನನ್ನು ಒಂದು ದಿನವೂ ಕರೆಯಲಿಲ್ಲ. "ಸಣ್ಣವ್ವಾ" ಅನ್ನುತ್ತಿದ್ದರು. ಗಂಡ "ಏ, ಇಲ್ಲಿ ಬಾ" ಅನ್ನುತ್ತಿದ್ದರು. ಅಪ್ಪ ಪ್ರೀತಿಯಿಂದ ಇಟ್ಟ ಹೆಸರನ್ನು ತೆಗೆದು ಹಾಕಿ, ಯಾರೂ ಕರೆಯದ ಹೆಸರೊಂದನ್ನು ನನಗೆ ಅಂಟಿಸಿದ್ದರು.

ಏಳು ವರ್ಷ ಹೀಗೇ ಕಳೆಯಿತು. ಒಂದು ಮಗುವಾಯಿತು. ನಮ್ಮ ಓಣಿಯ ಹಿಂದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಒಬ್ಬ ಅಕ್ಕೋರು ಬೇಕಾಗಿದ್ದಾರೆಂದು ತಿಳಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಯಲ್ಲಿ ನಾನು ಸೊಸೆ, ಹೆಂಡತಿ, ಅವ್ವ. ಮೂರೂ ಇನ್ನೊಬ್ಬರಿಗೆ ನಾನು ಏನಾಗಬೇಕು ಅನ್ನುವ ಮಾತು. ಅಕ್ಕೋರು ಅನ್ನಿಸಿಕೊಳ್ಳುವ ಯೋಗ್ಯತೆಯೊಂದನ್ನೇ ನಾನು ಸ್ವಂತ ಓದಿ ಗಳಿಸಿದ್ದು. ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅತ್ತೆಯೇ ಧೈರ್ಯ ಕೊಟ್ಟರು.

"ಹೋಗವಾ, ಅರ್ಜಿ ಕೊಟ್ಟು ಬಾ. ಕೂಸಿನ್ನ ನಾ ನೋಡ್ಕೋತೀನಿ. ನಮ್ಮ ಮನ್ಯಾಗೂ ಒಬ್ಬಾಕಿ ಅಕ್ಕೋರು ಆಗ್ಲಿ."

ಗದಗಿನ ಕಚೇರಿಯಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಕಾರಕೂನ ನನ್ನ ಅರ್ಜಿಯನ್ನೂ ಸರ್ಟಿಫಿಕೇಟನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

"ಬಾಯಾರ, ಈ ಸರ್ಟಿಫಿಕೇಟು ಯಾರ್ದ್ರಿ?"

"ನಂದ್ರಿ."

"ಅರ್ಜಿ?"

"ಅದೂ ನಂದ್ರಿ."

"ಹೆಸರು ಬ್ಯಾರೆ, ನಡುವಿನ ಹೆಸರು ಬ್ಯಾರೆ, ಅಡ್ಡಹೆಸರು ಬ್ಯಾರೆ. ಇದರಾಗ ನೀವು ಯಾರ್ರಿ?"

ನಾನು ಮದುವೆಯಾದವಳು ಎಂದು ಹೇಳಬೇಕಾಯಿತು. ಅವನ ಹೆಂಡತಿಯ ಹೆಸರೂ ಮದುವೆಯಲ್ಲಿ ಬದಲಾಗಿತ್ತೆಂದು ಅವನೇ ಒಪ್ಪಿಕೊಂಡ. ಆದರೆ ಅದು ಮನೆಯ ಮಾತು, ಇದು ದಫ್ತರದ ಮಾತು. ಇಬ್ಬರೂ ಒಬ್ಬಳೇ ಎಂದು ಗೊತ್ತಿದ್ದವರು ಬಂದು ಹೇಳಬೇಕು ಎಂದ. ಲಕ್ಷ್ಮೇಶ್ವರ ನನ್ನ ಕಣ್ಣೆದುರೇ ಸಂಸ್ಥಾನದಿಂದ ಮುಂಬಯಿಗೆ ಹೋಗಿತ್ತು, ಈಗ ಏಕೀಕರಣವಾಗಿ ಮೈಸೂರಿಗೆ ಹೋಗುವುದರಲ್ಲಿತ್ತು. ಅದರ ಹೆಸರನ್ನು ಯಾರೂ ಮುಟ್ಟಲಿಲ್ಲ, ಅದು ಅದೇ ಲಕ್ಷ್ಮೇಶ್ವರ ಹೌದೋ ಅಲ್ಲವೋ ಎಂದು ಯಾರೂ ಸಾಕ್ಷಿ ಕೇಳಲಿಲ್ಲ. ಒಂದು ಊರಿಗೆ ಸಿಕ್ಕ ಮರ್ಯಾದೆ ಒಬ್ಬ ಹೆಂಗಸಿಗೆ ಸಿಗಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಅಪ್ಪ ಆಗಲೇ ತೀರಿಕೊಂಡಿದ್ದ. ಗೊತ್ತಿದ್ದವರೆಂದರೆ ಗೆಳತಿ ಒಬ್ಬಳೇ. ಅವಳನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಬಸ್ಸು ಹಿಡಿದು ಹೋಗಿ ಕೇಳಿದೆ. ಅವಳು ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು, "ನಡಿ, ನಾ ಹೇಳ್ತೀನಿ" ಎಂದು ಹೊರಟೇಬಿಟ್ಟಳು.

ಕಾರಕೂನ ಅವಳಿಗೆ ಕುರ್ಚಿ ಕೊಟ್ಟ. ಇಬ್ಬರೂ ಕೂಡಿ ಕಲಿತದ್ದು, ಒಂದೇ ಬೆಂಚಿನ ಮೇಲೆ ಪರೀಕ್ಷೆಗೆ ಕೂತದ್ದು, ಎಲ್ಲವನ್ನೂ ಅವಳು ಸ್ಪಷ್ಟವಾಗಿ ಹೇಳಿದಳು. ಅವನು ಎಲ್ಲ ಬರೆದುಕೊಂಡ. ಕೊನೆಗೆ ಕೇಳಿದ.

"ಶಾಲಿ ರಜಿಸ್ಟರದಾಗ ನಿಮ್ಮ ಹೆಸರೇನ್ರಿ?"

ಹೇಳಿದಳು.

"ಈಗ ಸಹಿ ಮಾಡೂ ಹೆಸರು?"

ಬೇರೆ ಹೆಸರು ಹೇಳಿದಳು. ಅವನು ಲೇಖಣಿ ಕೆಳಗಿಟ್ಟ.

"ಹಂಗಾರ ನಿಮ್ಮನ್ನ ಗುರುತಿಸಾಕ ಇನ್ನೊಬ್ಬರು ಬೇಕಾತಲ್ರಿ."

ಗೆಳತಿಗೆ ನಗು ತಡೆಯಲಾಗಲಿಲ್ಲ. ಕಚೇರಿಯ ಮೆಟ್ಟಿಲು ಇಳಿಯುವಾಗಲೂ ನಗುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, "ನನ್ನ ಸರ್ಟಿಫಿಕೇಟು ಟ್ರಂಕಿನ ತಳದಾಗ ಐತಿ ನೋಡ. ಅದನ್ನ ತಗಿಯೂದ ಬ್ಯಾಡ ಅನ್ನಿಸ್ತು" ಅಂದಳು. ಆಗ ಮುಖದಲ್ಲಿ ನಗು ಇರಲಿಲ್ಲ.

ಮುಂದಿನ ದಾರಿ ಪಂಚನಾಮೆ. ಐದು ಜನ ಗಂಡಸರು ಸಹಿ ಮಾಡಿಕೊಡಬೇಕು. ಗಂಡ ಓಣಿಯ ಐವರನ್ನು ಕರೆದು ಚಹಾ ಕೊಡಿಸಿದರು. "ಈಕೆಯನ್ನು ಚಿಕ್ಕಂದಿನಿಂದ ಬಲ್ಲೆವು" ಎಂಬ ಒಕ್ಕಣೆಯ ಕೆಳಗೆ ಐವರೂ ಸಹಿ ಎಳೆದರು. ನನ್ನ ಸೆರಗು ಬಿಟ್ಟು ಬೇರೇನೂ ನೋಡಿದವರಲ್ಲ. ಸಹಿ ಮಾಡಿ ಚಹಾ ಮುಗಿಸಿದ ಮೇಲೆ ಅವರಲ್ಲೊಬ್ಬ ಗಂಡನನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತು: "ನಿಮ್ಮ ಮನಿಯಾಕಿ ತವರು ಮುಂಡರಗಿ ಅಲ್ಲೇನ್ರಿ?" ನನ್ನ ಜತೆ ಬೆಂಚಿನ ಮೇಲೆ ಕೂತವಳ ಮಾತು ನಡೆಯಲಿಲ್ಲ, ಇವರದು ನಡೆಯಿತು. ಕಾರಕೂನ ಪಂಚನಾಮೆಯನ್ನು ಅರ್ಜಿಗೆ ಪೋಣಿಸಿ, "ಆತ್ರಿ, ಇನ್ನ ಆರ್ಡರು ಮನಿಗೇ ಬರ್ತೈತಿ" ಎಂದ.

ಆ ದೀಪಾವಳಿಗೆ ರಾಜ್ಯ ಒಂದಾಯಿತು. ಗದಗಿನ ಓಣಿಗಳಲ್ಲಿ ಬಾವುಟ ಕಟ್ಟಿದರು, ಪೇಢೆ ಹಂಚಿದರು. ನಾನೂ ಅಂಗಳದಲ್ಲಿ ದೊಡ್ಡ ರಂಗೋಲಿ ಹಾಕಿದೆ. ಪಾಟೀಚೀಲ ಹೊತ್ತು ಶಾಲೆಗೆ ಹೋಗುವ ಹುಡುಗಿಯರನ್ನು ನೋಡಿದಾಗಲೆಲ್ಲ ಇವರು ನನ್ನ ಮಕ್ಕಳು ಅಂದುಕೊಳ್ಳುತ್ತಿದ್ದೆ. ಸಂಕ್ರಾಂತಿ ಬಂದರೂ ಆರ್ಡರು ಬರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಶಾಲೆಯ ಬಾಗಿಲಲ್ಲಿ ಹೊಸ ಅಕ್ಕೋರು ನಿಂತಿದ್ದರು.

ನೆಟ್ಟಗೆ ಕಚೇರಿಗೆ ಹೋದೆ. ಕಾರಕೂನ ಫೈಲಿನಿಂದ ಒಂದು ಲಕೋಟೆ ತೆಗೆದ. ಅದರ ಮೇಲೆ ನನ್ನ ಹಳೆಯ ಹೆಸರು, ಅಪ್ಪನ ಹೆಸರು, ತವರಿನ ಅಡ್ಡಹೆಸರು, ಕೆಳಗೆ ಬೆಟಗೇರಿಯ ನಮ್ಮ ಮನೆಯ ನಂಬರು. ಪಕ್ಕದಲ್ಲಿ ಪೋಸ್ಟಿನವನು ಬರೆದಿದ್ದ: ಈ ಹೆಸರಿನವರು ಇಲ್ಲಿ ಇಲ್ಲ.

"ಮುಲ್ಕಿ ಪಾಸಾದಾಕಿ ಸರ್ಟಿಫಿಕೇಟಿನಾಕಿ ಅಲ್ರಿ? ಅದಕ್ಕ ಆರ್ಡರು ಆಕಿ ಹೆಸರಿಗೇ ತಗದ್ವಿ" ಎಂದ. ಗಂಡನ ಹೆಸರನ್ನಾದರೂ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಸರ್ಟಿಫಿಕೇಟಿನಾಕಿಗೆ ಇನ್ನೂ ಮದುವೆಯೇ ಆಗಿರಲಿಲ್ಲವಂತೆ. ಹಾಜರಾಗುವ ಮುದ್ದತು ಮುಗಿದಿತ್ತು. ಜಾಗ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗಿತ್ತು.

ಮನೆಗೆ ಬಂದಾಗ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಜಗಳಕ್ಕೆ ನಿಂತೇ ಕೇಳಿದೆ.

"ಅತ್ಯಾರ, ಪೋಸ್ಟಿನಾವ ಬಂದಿದ್ದನೇನ್ರಿ?"

"ಬಂದಿದ್ದಲ್ಲ, ನೀ ಗಿರಣಿಗೆ ಹೋದಾಗ. ಯಾವುದೋ ಹೆಸರು ಓದಿದ. ಮೂರಕ್ಕ ಮೂರೂ ನಮ್ಮವಲ್ಲ. ಆ ಹೆಸರಿನಾಕಿ ನಮ್ಮ ಮನ್ಯಾಗ ಇಲ್ಲಪ್ಪ ಅಂದ್ನಿ. ಸುಳ್ಳ ಹೇಳಿದ್ನೇನು?"

"ಅದು ನನ್ನ ಹೆಸರ್ರಿ."

ಅವರ ಕೈ ಮೊರದ ಮೇಲೆ ನಿಂತಿತು. ಕಣ್ಣಲ್ಲಿ ನೀರು ಬಂತು. ವರ್ಷವಿಡೀ ಮನೆಯಲ್ಲಿ "ಹಳೇ ಹೆಸರಿನ ತಕರಾರು" ಎಂದು ಮಾತಾಗಿತ್ತೇ ಹೊರತು ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಏಳು ವರ್ಷ ಆತಲ್ಲ ಸಣ್ಣವ್ವಾ" ಎಂದರು. "ನೀನರ ಒಮ್ಮೆ ಹೇಳಬಾರದಿತ್ತೇನು?"

ಕಾರಕೂನನಿಗೆ ಹೇಳಿದ್ದೆ, ಐದು ಜನ ಗಂಡಸರಿಗೆ ಕಾಗದದ ಮೇಲೆ ಬರೆದುಕೊಟ್ಟಿದ್ದೆ. ಆ ಮನೆಯೊಳಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.