ಅಡಿಸ್ ಅಬಾಬಾದಲ್ಲಿ ಮಂಗಲಳ ಚಾತುರ್ಮಾಸ

ಐನಾಪುರದ ಮಂಗಲ ಆ ವರ್ಷ ಚಾತುರ್ಮಾಸ ಶುರುವಾದ ದಿನ ಬಸದಿಗೆ ಹೋಗಿ, ಅಲ್ಲಿ ತಂಗಿದ್ದ ಜೈನ ಸಾಧ್ವಿ ಮಾತಾಜಿಯವರ ಮುಂದೆ ಕೂತು, ಒಂದು ನಿಯಮ ತೆಗೆದುಕೊಂಡಳು: ದೀಪಾವಳಿಯವರೆಗೆ ಊರ ಸೀಮೆ ದಾಟುವುದಿಲ್ಲ. ಸುತ್ತ ಕೂತಿದ್ದ ಹೆಂಗಸರು ಇದೇನು ಭಕ್ತಿಯಪ್ಪಾ ಎಂದುಕೊಂಡು ಕೈಮುಗಿದರು. ಆದರೆ ಮಂಗಲಳ ಮನಸ್ಸಿನಲ್ಲಿದ್ದದ್ದು ಭಕ್ತಿಗಿಂತ ಹೆಚ್ಚಾಗಿ ದಣಿವು. ಐವತ್ತೆಂಟು ದಾಟಿದ ಆ ಹೆಂಗಸಿಗೆ, ನಾಲ್ಕು ತಿಂಗಳು ಯಾರೂ ತನ್ನನ್ನು ಎಲ್ಲಿಗೂ ಕಳಿಸಬಾರದು ಎನ್ನುವುದೊಂದೇ ಆಸೆ. ಮನೆಯವರಿಗೆ ಇಲ್ಲ ಎನ್ನುವುದು ಅವಳಿಂದ ಯಾವತ್ತೂ ಆಗಿರಲಿಲ್ಲ. ದೇವರ ಹೆಸರು ಹೇಳಿಕೊಂಡಾದರೂ ಆಗಲಿ ಅಂದುಕೊಂಡಿದ್ದಳು.

ಅವಳನ್ನು ಶೇಡಬಾಳಕ್ಕೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ಕಾಮಾಲೆಯಾಗಿ ತೀರಿಕೊಂಡ. ಅಣ್ಣ ಆಬಾಸಾಹೇಬ ತಾನೇ ಹೋಗಿ ತವರಿಗೆ ಕರೆತಂದ. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆ. ಉಣ್ಣಲು ಉಡಲು ಕೊರತೆಯಿರಲಿಲ್ಲ, ಯಾರೂ ಒಂದು ಬಿರುಸು ಮಾತು ಆಡಿದವರಲ್ಲ. ಆದರೆ ತಂದೆಗೆ ಮಿರಜದಲ್ಲಿ ಹೊಟ್ಟೆಯ ಆಪರೇಷನ್ ಆದಾಗ ಮಂಚದ ಪಕ್ಕ ಕೂರಲು ಮಂಗಲ ಹೋದಳು. ಆಮೇಲೆ ತಾಯಿಗೆ ಪಾರ್ಶ್ವವಾಯು ಬಡಿದಾಗ, ಅಣ್ಣನ ಹೆಂಡತಿ ವೈನಿಯ ಬಾಣಂತನಗಳಲ್ಲಿ, ಚಿಕ್ಕಪ್ಪನ ಹೃದಯದ ಕಾಯಿಲೆಯಲ್ಲಿ, ಚಿಕ್ಕಪ್ಪನ ಸೊಸೆಯ ಗರ್ಭಚೀಲ ತೆಗೆದಾಗ. "ದವಾಖಾನ್ಯಾಗ ಯಾರ ಇರಬೇಕು?" ಎಂಬ ಪ್ರಶ್ನೆ ಆ ಮನೆಯಲ್ಲಿ ಎದ್ದರೆ ಉತ್ತರಕ್ಕೆ ಯಾರೂ ತಡಕಾಡುತ್ತಿರಲಿಲ್ಲ. "ಮಂಗಲಾ ಅದಾಳಲ್ಲ." ಕೊಲ್ಲಾಪುರ, ಸಾಂಗಲಿ, ಬೆಳಗಾವಿ ಅವಳಿಗೆ ಊರುಗಳಾಗಿ ಗೊತ್ತಿರಲಿಲ್ಲ, ವಾರ್ಡುಗಳಾಗಿ ಗೊತ್ತಿದ್ದವು. ಮಂಚದ ಕೆಳಗೆ ಚಾದರ ಹಾಸಿ ಮಲಗುವುದು, ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುವುದು, ರೋಗಿ ಕೆಮ್ಮಿದರೆ ಎಚ್ಚರವಾಗುವುದು, ಇವೆಲ್ಲ ರೂಢಿಯಾಗಿ ಮನೆಯ ಹಾಸಿಗೆಯಲ್ಲೂ ಅವಳಿಗೆ ನೆಟ್ಟಗೆ ನಿದ್ದೆ ಬರುತ್ತಿರಲಿಲ್ಲ.

ನಿಯಮ ತೆಗೆದುಕೊಂಡು ಇನ್ನೂ ವಾರ ಕಳೆದಿರಲಿಲ್ಲ, ಇಥಿಯೋಪಿಯಾದಿಂದ ಫೋನು ಬಂತು. ಆಬಾಸಾಹೇಬನ ಮಗಳು ಪೂನಮ ಬಸುರಿ. ಅವಳ ಗಂಡ, ಸದಲಗಾದ ನಿಖಿಲ, ಅಲ್ಲಿಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಾರ್ಖಾನೆ ದೂರದ ಬಯಲಿನಲ್ಲಿ, ಸಂಸಾರ ರಾಜಧಾನಿ ಅಡಿಸ್ ಅಬಾಬಾದಲ್ಲಿ. ಮಾಸು ಕೆಳಗೆ ಜಾರಿದೆ, ಹೆರಿಗೆಯಾಗುವ ತನಕ ಪೂನಮ ಮಲಗಿಯೇ ಇರಬೇಕು, ವಿಮಾನ ಹತ್ತುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ವೈನಿ ಹೋಗಬೇಕೆಂದರೆ ಅವಳು ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದಳು.

ಆಬಾಸಾಹೇಬ ಪಡಸಾಲೆಯಲ್ಲಿ ಕೂತು ತಂಗಿಯ ಮುಖ ನೋಡದೆ ಕೇಳಿದ, "ನಿಂದು ಪಾಸ್‌ಪೋರ್ಟ್ ಐತೆಲ್ಲ?"

ಇತ್ತು. ಹಿಂದೊಮ್ಮೆ ಮನೆಯವರೆಲ್ಲ ಸಿಂಗಾಪುರದ ಟೂರಿಗೆ ಹೊರಟಾಗ ಅವಳಿಗೂ ಮಾಡಿಸಿದ್ದರು. ಹೊರಡುವ ಹೊತ್ತಿಗೆ ವೈನಿಯ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಎಲ್ಲರೂ ಸಿಂಗಾಪುರಕ್ಕೆ ಹೋದರು, ಮಂಗಲ ಸಾಂಗಲಿಗೆ ಹೋದಳು.

"ಅಣ್ಣಾ, ನಾ ನಿಯಮ ಹಿಡದೀನಲ್ಲ," ಎಂದಳು.

"ನಾ ಮಾತಾಜಿಯವರನ್ನ ಕೇಳ್ತೀನಿ ತಡಿ."

ಇಬ್ಬರೂ ಬಸದಿಗೆ ಹೋದರು. ಮಾತಾಜಿಯವರು ಎಲ್ಲ ಕೇಳಿಸಿಕೊಂಡು ಮಂಗಲಳ ಕಡೆ ತಿರುಗಿದರು. "ನಿಯಮ ತಗೊಂಡಾಕಿ ನೀನು, ಬಿಡಾಕಿನೂ ನೀನ. ಹೋಗು ಅಂತ ನಾ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ನಿನ್ನ ಮನಸ್ಸಿಗೆ ಏನ ಬರತೈತಿ?"

ಹಾಗೆ ಅವಳನ್ನು ಯಾರೂ ಕೇಳಿದ್ದಿಲ್ಲ. ಬೇಡ ಅಂದುಬಿಡಿ ತಾಯಿ, ನಿಮ್ಮ ಕಾಲು ಹಿಡಿಯುತ್ತೇನೆ ಎಂದು ಅವಳ ಒಳಗೆ ಯಾರೋ ಕೂಗಿದಂತಾಯಿತು. ಬಾಯಿಂದ ಬಂದದ್ದು ಬೇರೆ. "ಹುಡುಗಿ ಒಬ್ಬಾಕೀನ ಅದಾಳ್ರಿ. ಹೋಗಬೇಕಾಗತೈತಿ." ಮಾತಾಜಿಯವರು ಪ್ರಾಯಶ್ಚಿತ್ತಕ್ಕೆ ಒಂದಿಷ್ಟು ಜಪ ಹೇಳಿಕೊಟ್ಟರು.

ಆಫ್ರಿಕಾ ಎಂದರೆ ಸುಡುವ ಬಿಸಿಲು ಎಂದು ಐನಾಪುರದವರು ಹೇಳಿದ್ದನ್ನು ನಂಬಿ ಅವಳು ತೆಳುವಾದ ಕಾಟನ್ ಸೀರೆಗಳನ್ನಷ್ಟೇ ತುಂಬಿಕೊಂಡಿದ್ದಳು. ಮುಂಬೈಯಿಂದ ಹೊರಟ ವಿಮಾನ ಇಳಿದದ್ದು ಮೋಡದೊಳಗೆ. ಗುಡ್ಡಗಳ ಮೇಲೆ ಕೂತ ಊರು ಅದು. ಹೊರಗೆ ಬರುತ್ತಲೇ ತಣ್ಣನೆಯ ಗಾಳಿ ರವಿಕೆಯ ತೋಳಿನೊಳಗೆ ನುಗ್ಗಿತು. ಊರಲ್ಲಿ ಪುಷ್ಯಮಾಸದಲ್ಲೂ ಅಂಥ ಚಳಿ ಅವಳು ಕಂಡಿರಲಿಲ್ಲ. ಕರೆಯಲು ಬಂದಿದ್ದ ನಿಖಿಲ ತನ್ನ ಜಾಕೀಟು ಬಿಚ್ಚಿ ಅವಳಿಗೆ ಹೊದಿಸಿದ. ದಾರಿಯುದ್ದಕ್ಕೂ ಅಗೆದುಹಾಕಿದ ರಸ್ತೆ, ಕೆಂಪು ಕೆಸರು, ಅರ್ಧ ಕಟ್ಟಿದ ಎತ್ತರದ ಕಟ್ಟಡಗಳು, ಅವುಗಳ ಸಂದಿಯಲ್ಲಿ ತಲೆಯ ಮೇಲೆ ಬಿಳಿ ಅರಿವೆ ಹೊದ್ದು ಕೊಡೆ ಹಿಡಿದು ಚರ್ಚಿಗೆ ಹೊರಟ ಹೆಂಗಸರು.

"ಮಳಿ ಯಾವಾಗ ನಿಲ್ತೈತಿ?" ಮಂಗಲ ಕೇಳಿದಳು.

"ಈಗ ಶುರು ಆಗೇತ್ರಿ ಅತ್ತಿ. ಸಪ್ಟೆಂಬರ್ ತನಾ ಹಿಂಗ," ಎಂದ ನಿಖಿಲ. ಎರಡು ದಿನ ಇದ್ದು ಅವನು ಕಾರ್ಖಾನೆಗೆ ಹೊರಟುಹೋದ.

ಮನೆಯೆಂದರೆ ಒಂದು ಕಾಂಪೌಂಡಿನ ಹಿಂಭಾಗದ ಎರಡು ಕೋಣೆ, ಮೇಲೆ ತಗಡು. ಮುಂದಿನ ಮನೆಯಲ್ಲಿ ಮಾಲಕಿ ಅಲ್ಮಾಜ್. ಮಂಗಲಳದೇ ವಯಸ್ಸು, ಗಂಡ ಇಲ್ಲ, ಮಕ್ಕಳು ದೂರ, ಜೊತೆಗೆ ಒಬ್ಬ ತಂಗಿ. ಬೆಳಗ್ಗೆ ಸ್ವಲ್ಪ ಹೊಳವಾದಂತೆ ಕಾಣುವುದು. ಮಂಗಲ ಅರಿವೆ ಒಗೆದು ಹರವುವಷ್ಟರಲ್ಲಿ ಮೋಡ ಕವಿಯುವುದು, ಮಧ್ಯಾಹ್ನಕ್ಕೆ ಮಳೆ, ಒಮ್ಮೊಮ್ಮೆ ಆಲಿಕಲ್ಲು ತಗಡಿನ ಮೇಲೆ ಬಿದ್ದು ಮಾತೇ ಕೇಳಿಸದಂತಾಗುವುದು. ಒಗೆದದ್ದು ಒಣಗುತ್ತಿರಲಿಲ್ಲ. ಗೋಡೆಗೆ ಬೂಸಲು ಹಿಡಿಯುತ್ತಿತ್ತು. ನೀರು ಸೋಸಿ ಕಾಯಿಸಬೇಕು, ಹೆಸರುಬೇಳೆ ಬೇಯಿಸಬೇಕು, ಪೂನಮಳನ್ನು ಒರೆಸಬೇಕು, ಮಗ್ಗುಲು ಹೊರಳಿಸಬೇಕು. ಆ ಎತ್ತರದ ಊರಿನಲ್ಲಿ ಬಕೆಟ್ಟು ಹಿಡಿದು ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ವ್ರತದಂತೆ ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಆದರೆ ಹೊತ್ತು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

ಪೂನಮ ಕೆಟ್ಟವಳಲ್ಲ. ಮಲಗಿ ಮಲಗಿ ಬೇಸತ್ತ ಹುಡುಗಿ. "ಅತ್ತಿ, ದಿಂಬು." "ಅತ್ತಿ, ಚಾರ್ಜರ್." "ಅತ್ತಿ, ಈ ಬ್ಯಾಳಿ ವಾಸನಿ ನನಗ ಒಲ್ಲೆ." ಮಂಗಲ ಏಳುತ್ತಿದ್ದಳು, ಕೂರುತ್ತಿದ್ದಳು, ಮತ್ತೆ ಏಳುತ್ತಿದ್ದಳು.

ಮೊದಲ ವಾರ ಅಲ್ಮಾಜ್ ಒಂದು ದೊಡ್ಡ ತಟ್ಟೆಯಲ್ಲಿ ಅವರ ಅಗಲವಾದ ಹುಳಿರೊಟ್ಟಿ, ಅದರ ಮೇಲೆ ಬಿಸಿ ಪಲ್ಯ ತಂದಳು. ಈರುಳ್ಳಿ ಬೆಳ್ಳುಳ್ಳಿಯ ಘಮಲು ಬಾಗಿಲಲ್ಲೇ ಬಂತು. ಮಂಗಲ ಕೈಮುಗಿದು ತಲೆಯಾಡಿಸಿದಳು. ಅಲ್ಮಾಜ್ ತಟ್ಟೆ ಹಿಡಿದು ತಿರುಗಿ ಹೋದಳು. ಆಮೇಲೆ ಬಹಳ ದಿನ ಬರಲಿಲ್ಲ. ಆಗಸ್ಟಿನಲ್ಲಿ ಅಲ್ಲಿಯ ಕ್ರೈಸ್ತರ ಉಪವಾಸ ಶುರುವಾಯಿತು: ಹಾಲಿಲ್ಲ, ತುಪ್ಪವಿಲ್ಲ, ಮಾಂಸವಿಲ್ಲ, ಮಧ್ಯಾಹ್ನ ಇಳಿಯುವ ತನಕ ಬಾಯಿಗೆ ಏನೂ ಇಲ್ಲ. ಅಲ್ಮಾಜ್ ಬಾಡಿಗೆಯ ವಿಷಯಕ್ಕೆ ಬಂದಾಗ ಪೂನಮ ತನ್ನ ಹರಕುಮುರುಕು ಅಮ್ಹಾರಿಕ್‌ನಲ್ಲಿ ವಿವರಿಸಿದಳು, ಅತ್ತಿಗೂ ಇದು ಉಪವಾಸದ ಕಾಲ, ನಾಲ್ಕು ತಿಂಗಳು, ಗಡ್ಡೆ ಏನೂ ತಿನ್ನುವುದಿಲ್ಲ ಎಂದು. ಅಲ್ಮಾಜ್ ಮಂಗಲಳನ್ನು ಮೇಲಿಂದ ಕೆಳಗೆ ನೋಡಿದಳು. ಮರುದಿನ ಹುರಿದ ಜವೆಗೋಧಿಯ ಕಾಳು ಒಂದು ಬುಟ್ಟಿ ತಂದಿಟ್ಟಳು. ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಊರಲ್ಲಿ ಹುರಿದ ಜೋಳ ತಿಂದ ಹಾಗೆಯೇ ಇತ್ತು.

ಅದಾದ ಒಂದು ಮಧ್ಯಾಹ್ನ ಮಳೆ ಹಠಾತ್ತನೆ ಬಂತು. ಅರಿವೆ ತರಲು ಓಡಿದ ಮಂಗಲ ಮೆಟ್ಟಿಲ ಮೇಲೆ ಕುಸಿದಳು. ವಾರದಿಂದ ಮೈ ಬಿಸಿಯಿತ್ತು, ಎದೆ ನೋಯುತ್ತಿತ್ತು. ಇರಲಿ ಎಂದು ಯಾರಿಗೂ ಹೇಳಿರಲಿಲ್ಲ. ಪೂನಮ ಹಾಸಿಗೆಯಿಂದಲೇ ಕಿರುಚಿದಳು. ಅಲ್ಮಾಜ್ ಬರಿಗಾಲಲ್ಲಿ ಓಡಿಬಂದು, ಒದ್ದೆಯಾದ ಆ ದೇಹವನ್ನು ತಬ್ಬಿ ಎತ್ತಿ, ತನ್ನ ತಂಗಿಯನ್ನು ಪೂನಮಳ ಬಳಿ ಕೂರಿಸಿ, ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಒಯ್ದಳು. ಶ್ವಾಸಕೋಶಕ್ಕೆ ಸೋಂಕು ಎಂದರು ಡಾಕ್ಟರು. ದಾಖಲು ಮಾಡಿಕೊಂಡರು.

ಎಚ್ಚರವಾದಾಗ ಮಂಗಲ ಮಂಚದ ಮೇಲಿದ್ದಳು. ಸ್ಟೂಲಿನ ಮೇಲೆ ಅಲ್ಮಾಜ್.

ಅವಳಿಗೆ ಮಲಗುವುದು ಗೊತ್ತಾಗಲಿಲ್ಲ. ಎದ್ದು ಕೂರಲು ನೋಡಿದಳು, ಅಲ್ಮಾಜ್‌ಳನ್ನು ಮಂಚಕ್ಕೆ ಕರೆದು ತಾನು ಸ್ಟೂಲಿಗೆ ಹೋಗಬೇಕೆಂದು ಕೈಸನ್ನೆ ಮಾಡಿದಳು. ಅಲ್ಮಾಜ್ ಅವಳ ಭುಜ ಹಿಡಿದು ಒತ್ತಿ ಮಲಗಿಸಿದಳು, ಏನೋ ಬೈದಳು. ಮತ್ತೆ ಏಳಲು ಹೋದರೆ ಮತ್ತೆ ಒತ್ತಿದಳು. ಕೊನೆಗೆ ಮಂಗಲ ಬಿಟ್ಟುಕೊಟ್ಟಳು. ಅಷ್ಟು ವರ್ಷ ಹೊತ್ತದ್ದೆಲ್ಲ ಒಮ್ಮೆಲೇ ಕೈಕಾಲಿಗೆ ಇಳಿದಂತೆ, ಬೆರಳು ಎತ್ತಲಾಗದಷ್ಟು ದಣಿವು ಬಂತು. ನಿದ್ದೆ ಹೋದಳು. ಎದ್ದಾಗ ಅಲ್ಮಾಜ್ ಒಂದು ಪುಟ್ಟ ಪ್ರಾರ್ಥನೆಯ ಪುಸ್ತಕ ಓದುತ್ತಿದ್ದಳು, ಬೆನ್ನು ಬಾಗಿ, ತುಟಿ ಒಣಗಿ. ಕೂತವರ ಮುಖ ಮಲಗಿದವರಿಗೆ ಹೀಗೆ ಕಾಣುತ್ತದೆಯೇ ಎಂದು ಮಂಗಲ ಬಹಳ ಹೊತ್ತು ನೋಡಿದಳು. ತನ್ನನ್ನು ಯಾರಾದರೂ ಹೀಗೆ ನೋಡಿದ್ದರೋ ಇಲ್ಲವೋ ಅವಳಿಗೆ ತಿಳಿಯದು. ಸಂಜೆ ಅಲ್ಮಾಜ್ ಅವಳ ಸಿಕ್ಕುಗಟ್ಟಿದ ಕೂದಲು ಬಿಡಿಸಿ, ಬಾಚಿ, ಹೆಣೆದಳು. ಪಾರ್ಶ್ವವಾಯುವಿನಿಂದ ತಾಯಿಯ ಕೈ ಸ್ವಾಧೀನ ತಪ್ಪಿದ ಮೇಲೆ ಆ ತಲೆಗೆ ಇನ್ನೊಬ್ಬರ ಕೈ ತಾಗಿರಲಿಲ್ಲ. ಮಂಗಲ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅಲ್ಮಾಜ್ ಕಂಡರೂ ಕಾಣದಂತೆ ಹೆಣೆಯುತ್ತಲೇ ಇದ್ದಳು.

ಆಬಾಸಾಹೇಬ ಫೋನು ಮಾಡಿದ. "ಪೂನಮನ ಹತ್ತರ ಈಗ ಯಾರ ಅದಾರ?" ಎನ್ನುವುದು ಮೊದಲ ಮಾತು. ಮಂಗಲ ಹೇಳಿದಳು. ಆಮೇಲೆ ಕೇಳಿದ, "ನೀ ಹೆಂಗದಿ?"

"ಮಲಗೀನಿ ಅಣ್ಣಾ."

"ಯಾವಾಗ ಬಿಡ್ತಾರಂತ?"

"ಗೊತ್ತಿಲ್ಲ. ಬಿಟ್ಟರೂ ನನ್ನಿಂದ ಇನ್ನ ಆಗಂಗಿಲ್ಲ."

ಅಂಥ ಹೊತ್ತಿನಲ್ಲಿ "ನೀ ಕಾಳಜಿ ಮಾಡಬ್ಯಾಡ, ನಾ ಅದೀನಿ" ಎನ್ನುವುದು ಅವಳ ಕಾಯಂ ಮಾತು. ಆಬಾಸಾಹೇಬ ಅದಕ್ಕಾಗಿ ಕಾದ. ಅವಳು ಹೇಳಲಿಲ್ಲ.

ಕೆಲವು ದಿನಕ್ಕೆ ಅವನೇ ಬಂದಿಳಿದ, ಬಿಳಿ ಪೈಜಾಮ, ಗಾಂಧಿ ಟೋಪಿ, ಮಳೆಗೆ ತೊಯ್ದು ಮುದ್ದೆಯಾಗಿ. ಹುಟ್ಟಿದಾಗಿನಿಂದ ಒಲೆ ಹಚ್ಚಿದವನಲ್ಲ. ಆಸ್ಪತ್ರೆಯಿಂದ ಬಂದ ಮಂಗಲ ಪೂನಮಳ ಪಕ್ಕದ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿಕೊಡುತ್ತಿದ್ದಳು. ಅವನು ಬೇಳೆ ಸೀಯಿಸಿದ, ಕೈ ಸುಟ್ಟುಕೊಂಡ, ಅಲ್ಮಾಜ್ ನಗುತ್ತ ಬಂದು ಪಾತ್ರೆ ತಿಕ್ಕಿಕೊಟ್ಟಳು. ಒಂದು ಬೆಳಗ್ಗೆ ನೀರಿನ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿದವನು ಏದುಸಿರು ಬಿಡುತ್ತ ನಡುವೆಯೇ ಕೂತುಬಿಟ್ಟ.

"ಇದನ್ನ ದಿನಾ ಒಯ್ತಿದ್ದೇನ ಮಂಗಲಾ?"

"ಹೌದಣ್ಣಾ."

"ಒಮ್ಮೆನೂ ಹೇಳಲಿಲ್ಲಲ್ಲ."

"ನೀ ಕೇಳಲಿಲ್ಲ," ಎಂದಳು ಮಂಗಲ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ಪೂನಮಳಿಗೆ ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಹೆಣ್ಣುಕೂಸು ತೆಗೆದರು. ಅಂಗೈಯಗಲದ ಕೂಸು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಷ್ಟು ದಿನ ಆಬಾಸಾಹೇಬ ಮತ್ತು ರಜೆ ಹಾಕಿ ಬಂದ ನಿಖಿಲ ಸರದಿಯಂತೆ ಆಸ್ಪತ್ರೆಯಲ್ಲಿ ಕೂತರು. ಕೂಸು ಉಳಿಯಿತು. ಮನೆಗೆ ಬರುವ ಹೊತ್ತಿಗೆ ಮಳೆ ಹಿಂದೆಗೆದಿತ್ತು, ಗುಡ್ಡದ ಮೈಮೇಲೆ ಹಳದಿ ಹೂ ಎದ್ದಿತ್ತು. ಸೆಪ್ಟೆಂಬರಿನಲ್ಲಿ ಬರುವ ಅವರ ಹೊಸವರ್ಷದ ದಿನ ಬಿಳಿ ಅಂಗಿಯ ಹುಡುಗಿಯರು ಹೂ ಹಿಡಿದು ಬಾಗಿಲು ಬಾಗಿಲಿಗೆ ಹಾಡುತ್ತ ಬಂದರು. ಮಂಗಲ ಶಾಲು ಹೊದ್ದು ಬಿಸಿಲಿಗೆ ಕೂತು ನೋಡಿದಳು.

ಇನ್ನೊಂದು ಆರು ತಿಂಗಳು ಇದ್ದುಬಿಡು ಎಂದು ಆಬಾಸಾಹೇಬ ಹೇಳಲಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಅಂದಳು, "ವೈನೀನ ಕರಸು ಅಣ್ಣಾ. ಮೊಣಕಾಲು ಈಗ ಬರೋಬ್ಬರಿ ಆಗ್ಯಾವಂತ. ನಾ ಊರಿಗೆ ಹೊಂಟೀನಿ."

ಅವನು "ಆತು," ಎಂದ.

ಹೊರಡುವ ದಿನ ಅಲ್ಮಾಜ್ ಕಾಫಿ ಹುರಿದು ಕಾಸಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಮಂಗಲ ಕುಡಿದು, ಅವಳ ಕೈ ಹಿಡಿದು, ಹೊರಟಳು.

ಐನಾಪುರದಲ್ಲಿ ಬಸದಿಯ ಕಟ್ಟೆಯ ಮೇಲೆ ಕೂತ ಹೆಂಗಸರು ಅವಳನ್ನು ಮುತ್ತಿಕೊಂಡರು. "ಮಂಗಲಕ್ಕಾ, ಆಫ್ರಿಕಾದಾಗ ಏನೇನ ನೋಡಿ ಬಂದಿ? ಆನಿ ಸಿಂಹ ಕಂಡವೇನ?"

"ಮಳಿ ನೋಡಿದ್ನೆವ್ವಾ," ಎಂದಳು ಮಂಗಲ. "ಮತ್ತ ಮಲಗಿದ್ದೆ." ಅವರು ನಕ್ಕರು, ಅವಳೂ ಒಂದಿಷ್ಟು ನಕ್ಕಳು. ಆಮೇಲೆ ಎದ್ದು ನಿಧಾನವಾಗಿ ಮನೆಗೆ ನಡೆದಳು, ಉಸಿರು ಇನ್ನೂ ಪೂರ್ತಿ ಮರಳಿರಲಿಲ್ಲ.