ಅವಳ ಕಣದ ಟಾರ್ಪಾಲು

ಬಣಕಲ್‌ನಲ್ಲಿ ನಮ್ಮ ನೆರೆಯವರೊಬ್ಬರು ಒಬ್ಬ ಹುಡುಗಿಯ ತೋಟಕ್ಕೆ ಟ್ರಸ್ಟಿಯಾಗಿದ್ದರು. ಮಗಳಿಗೆ ಇಪ್ಪತ್ತೊಂದು ತುಂಬುವವರೆಗೆ ತೋಟವನ್ನು ಇವರೇ ನೋಡಿಕೊಳ್ಳಬೇಕೆಂದು ಅವಳ ಅಪ್ಪ, ಅಂದರೆ ಇವರ ಸ್ನೇಹಿತ, ಸಾಯುವ ಮುಂಚೆ ಉಯಿಲು ಬರೆದಿದ್ದ. ಆ ಮಾತು ಬಂದಾಗಲೆಲ್ಲ ಇವರು ಎದೆಯ ಮೇಲೆ ಕೈಯಿಟ್ಟು, "ಅವ್ಳು ನನ್ ಮಗಳಿದ್ದಂಗೆ ಮಾರಾಯ" ಎನ್ನುತ್ತಿದ್ದರು. ನಾನು ನಂಬಿದ್ದೆ.

ಕಳೆದ ಜನವರಿಯಲ್ಲಿ ಕಾಫಿ ಒಣಗಲು ಹರವಿದ್ದಾಗ ಅಕಾಲದ ಮಳೆ ಬಂತು. ಅಕ್ಕಪಕ್ಕ ಎರಡು ಕಣ: ಒಂದು ಇವರದು, ಇನ್ನೊಂದು ಅವಳದು. ಅವಳ ಕಾಫಿಗೆ ಆಳುಗಳು ಆಗಲೇ ಟಾರ್ಪಾಲು ಹೊದಿಸಿದ್ದರು. ಇವರ ಟಾರ್ಪಾಲು ಹರಿದಿತ್ತು. "ಬಾ ಮಾರಾಯ, ಆ ಕಡೆ ಹಿಡ್ಕೋ" ಎಂದು ನನ್ನನ್ನು ಕೂಗಿದವರೇ ಅವಳದನ್ನು ಎಳೆದು ತಮ್ಮ ಕಣಕ್ಕೆ ಹೊದಿಸಿದರು.

ಮೂಡಿಗೆರೆಯ ಕಾಲೇಜಿನಿಂದ ಆಗಷ್ಟೇ ಬಂದ ಹುಡುಗಿ, ನೆನೆಯುತ್ತಿದ್ದ ತನ್ನ ಕಾಫಿಯ ಮುಂದೆ ನಿಂತು, "ಮಾವ, ನಂದು?" ಎಂದಳು.

ಒದ್ದೆ ಕೈ ಎದೆಗೆ ಹೋಯಿತು. "ನೀನು ನನ್ ಮಗಳಿದ್ದಂಗಲ್ವೇನಮ್ಮ? ಸ್ವಲ್ಪ ತಡ್ಕೋ."

ಯಾವ ಅಪ್ಪ ಮಗಳ ಕಾಫಿಯ ಹೊದಿಕೆ ಕಿತ್ತುಕೊಳ್ಳುತ್ತಾನೆ? ಇನ್ನೊಬ್ಬರ ಸೊತ್ತು ಕಾಯಲು ಒಪ್ಪಿಕೊಂಡವನು ಮಳೆ ಬಂದರೆ ಮೊದಲು ಓಡಬೇಕಾದದ್ದು ಅವರ ಕಣಕ್ಕೆ. ಇಷ್ಟು ತಿಳಿಯಲು ವಕೀಲರು ಬೇಕೆ?

ಇವತ್ತು ಹೀಗೆ ಕೆಂಡ ಕಾರುತ್ತೇನೆ. ಅಂದು ಟಾರ್ಪಾಲಿನ ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು.