ಮೊದಲ ಇಪ್ಪತ್ತು ಪುಟ, ಕೊನೆಯ ಹತ್ತು

ಗ್ರಂಥಾಲಯದಲ್ಲಿ ಕೆಲಸ ಮಾಡುವವನು ಅಲ್ಲಿರುವ ಪುಸ್ತಕಗಳನ್ನೆಲ್ಲ ಓದಿರುತ್ತಾನೆ ಎಂದು ಜನ ನಂಬುತ್ತಾರೆ. ಮಿಠಾಯಿ ಅಂಗಡಿಯವನ ಬಗ್ಗೆ ಯಾರೂ ಹಾಗೆ ನಂಬುವುದಿಲ್ಲ. ನನ್ನ ಬಗೆಗಿನ ಈ ನಂಬಿಕೆಯನ್ನು ನಾನು ಎಂದೂ ಕೆಡಿಸಲು ಹೋಗಲಿಲ್ಲ. ಮೊದಲು ಆಳಂದ, ಆಮೇಲೆ ಜೇವರ್ಗಿ, ಈಗ ಅಫಜಲಪುರ. ಎಲ್ಲಿ ಹೋದರೂ "ಸರ, ಒಂದು ಛಲೋ ಕಾದಂಬರಿ ಹೇಳ್ರಿ" ಎಂದವರಿಗೆ ಉತ್ತರ ಸಿದ್ಧವಿರುತ್ತಿತ್ತು.

ನನ್ನದೊಂದು ಪದ್ಧತಿ. ಮೊದಲ ಇಪ್ಪತ್ತು ಪುಟ ಓದುವುದು, ಕೊನೆಯ ಹತ್ತು ಪುಟ ಓದುವುದು. ನಡುವಿನದನ್ನು ಓದುಗರೇ ತಂದು ಕೊಡುತ್ತಿದ್ದರು. ಒಬ್ಬರು ಪುಸ್ತಕ ತಿರುಗಿ ಕೊಡುವಾಗ "ಆ ಸೊಸಿ ಭಾಳ ಗಟ್ಟಿ ಬಿಡ್ರಿ" ಎಂದರೆ ಮುಗಿಯಿತು, ಮುಂದಿನವರಿಗೆ ನಾನು "ಇದರಾಗ ಒಬ್ಬಾಕಿ ಸೊಸಿ ಬರ್ತಾಳ, ಭಾಳ ಗಟ್ಟಿ" ಎನ್ನುತ್ತಿದ್ದೆ. ಜೇವರ್ಗಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ನನ್ನ ಓದನ್ನು ನಾಲ್ಕು ಜನರ ಮುಂದೆ ಹೊಗಳಿದ್ದರು. ನಾಚಿಕೆಯಾಗಲಿಲ್ಲ, ಖುಷಿಯೇ ಆಯಿತು.

ಅಫಜಲಪುರಕ್ಕೆ ಬಂದ ಮೇಲೆ ಒಂದು ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಂದರು. ನಲವತ್ತರ ಆಸುಪಾಸು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮನೆಯಲ್ಲಿ ಆಡುವುದು ಉರ್ದು, ಓದುವುದು ಕನ್ನಡ. ಗಿರಾಕಿಗೆ ತೋಳಿನ ಉದ್ದ ಹೇಳುವ ದನಿಯಲ್ಲೇ ಹೇಳಿದರು:

"ಸರ, ನನ್ನ ಮಗಳು ತೀರಿಕೊಂಡು ವರ್ಷ ಆತು. ಏಳು ವರ್ಷದಾಕಿ ಇದ್ಳು. ಕೈಗೆ ಕೆಲಸ ಅದ, ತಲಿಗೆ ಇಲ್ಲ. ಒಂದು ಕಾದಂಬರಿ ಕೊಡ್ರಿ. ಅದರಾಗ ಯಾರು ಬೇಕಾದ್ರೂ ಸಾಯಲಿ, ಕೂಸು ಸಾಯಬಾರ್ದು."

ಕೊಟ್ಟೆ. ಮತ್ತೆ ಬಂದರು, ಮತ್ತೆ ಕೊಟ್ಟೆ. ಪ್ರತಿ ಸಲ ಅವರದು ಒಂದೇ ಪ್ರಶ್ನೆ: "ನೀವು ಓದೀರಿಲ್ರಿ?" ನನ್ನದೂ ಒಂದೇ ಉತ್ತರ: "ಓದೀನ್ರಿ." ನನ್ನ ನಸೀಬು ಚೆನ್ನಾಗಿತ್ತು, ಏಳೆಂಟು ಕಾದಂಬರಿಗಳಲ್ಲಿ ಮಕ್ಕಳೆಲ್ಲ ಬದುಕಿಕೊಂಡರು. ಬರಬರುತ್ತ ಅವರ ಮಾತು ಹೆಚ್ಚಾಯಿತು. ಯಾವುದೋ ಕಾದಂಬರಿಯ ಜಿಪುಣ ಮಾವನನ್ನು ನೆನೆದು ಮೇಜಿನ ಮುಂದೆಯೇ ನಕ್ಕುಬಿಟ್ಟರು. ಆ ನಗುವಿಗೆ ನಾನೇ ಕಾರಣ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಆಮೇಲೆ ಒಂದು ದಪ್ಪ ಕಾದಂಬರಿ ಕೊಟ್ಟೆ. ಶುರುವಿನಲ್ಲಿ ಮದುವೆ, ಕೊನೆಯಲ್ಲಿ ಹೊಸ ಮನೆಯ ಊಟ. ನಾಲ್ಕೇ ದಿನಕ್ಕೆ ಅದನ್ನು ತಿರುಗಿ ತಂದರು. ನಡುವಿನ ಒಂದು ಪುಟ ತೆರೆದು ನನ್ನ ಮುಂದಿಟ್ಟರು. ನಿಂತಲ್ಲೇ ಓದಿದೆ. ಒಬ್ಬ ಹುಡುಗಿ ಜ್ವರ ಬಂದು ತಾಯಿಯ ತೊಡೆಯ ಮೇಲೆ ಸಾಯುತ್ತಾಳೆ.

"ಸರ, ಇದು ನೀವು ಓದಿದ್ರೇನ್ರಿ?"

ಓದಿದ್ದೆ ಎಂದರೆ ಗೊತ್ತಿದ್ದೂ ಕೊಟ್ಟ ಹಾಗೆ. ಓದಿರಲಿಲ್ಲ ಎಂದರೆ ಇಷ್ಟು ದಿನ ಆಡಿದ್ದೆಲ್ಲ ಸುಳ್ಳು. ಪುಸ್ತಕ ಮುಚ್ಚಿಟ್ಟೆ.

"ಇಲ್ರಿ ಅಕ್ಕಾರ. ಓದಿಲ್ಲ. ತಪ್ಪಾತು."

ಅವರು ಉಸಿರು ಬಿಟ್ಟರು. "ಛಲೋ ಆತು ಬಿಡ್ರಿ. ನೀವು ಓದೇ ಕೊಟ್ಟೀರಿ ಅಂತ ತಿಳಕೊಂಡಿದ್ದೆ. ಎರಡು ದಿನ ಅದಕ್ಕೇ ಸಂಕಟ ಆಗಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕಪಾಟುಗಳ ಕಡೆ ಕೈ ತೋರಿಸಿದರು.

"ಹಂಗಾದ್ರ ಇವತ್ತು ನೀವು ಪೂರಾ ಓದಿದ್ದು ಒಂದು ಕೊಡ್ರಿ. ಹಳೇದಾದ್ರೂ ನಡೀತದ."

ಎದ್ದು ಹೋದೆ. ಕಾದಂಬರಿಗಳದೇ ಆರು ಕಪಾಟು. ಸಾಲಿನಿಂದ ಸಾಲಿಗೆ ಹುಡುಕಿದೆ. ಕಾಲೇಜಿನ ದಿನಗಳಲ್ಲಿ ಪೂರ್ತಿ ಓದಿದ್ದ ಎರಡು ಸಿಕ್ಕವು. ಅವುಗಳಲ್ಲಿ ಮಗು ಸಾಯುತ್ತದೆಯೋ ಇಲ್ಲವೋ, ಎಷ್ಟು ನೆನೆದರೂ ನೆನಪಾಗಲಿಲ್ಲ. ಎರಡನ್ನೂ ಅಲ್ಲೇ ಇಟ್ಟು ಬರಿಗೈಯಲ್ಲಿ ಮೇಜಿಗೆ ಬಂದೆ. ಅವರು ಚೀಲದ ಬಾಯಿ ಅಗಲ ಮಾಡಿ ಹಿಡಿದುಕೊಂಡು ನಿಂತಿದ್ದರು.